ವಿದ್ಯಾರ್ಥಿವೇತನ: ಪಡೆಯುವುದೂ ಉಳಿಸಿಕೊಳ್ಳುವುದೂ

‘ವಿದ್ಯಾರ್ಥಿವೇತನ’ ಎಂಬ ಮಾತನ್ನು ಕನ್ನಡದಲ್ಲಿ ಬಳಕೆಗೆ ತಂದವರು ವಿವೇಕಿಗಳೆಂದೇ ಹೇಳಬೇಕು. ಅವರು ಇದನ್ನು ದಾನವೆನ್ನಲಿಲ್ಲ, ಭಿಕ್ಷೆಯೆನ್ನಲಿಲ್ಲ, ಬಹುಮಾನವೆಂದೂ ಅನ್ನಲಿಲ್ಲ, ವೇತನವೆಂದರು. ದಾನಕ್ಕೆ ಕೊಡುವವನ ಮನಸ್ಸು ಕಾರಣ. ಬಹುಮಾನಕ್ಕೆ ಪಡೆಯುವವನ ಪ್ರತಿಭೆ ಕಾರಣ. ವೇತನಕ್ಕಾದರೋ ಮಾಡುವ ಕೆಲಸವೇ ಕಾರಣ. ಓದುವುದು ವಿದ್ಯಾರ್ಥಿಯ ಕೆಲಸ. ಆ ಕೆಲಸವನ್ನು ಅವನು ಇಂದು ನೆಟ್ಟಗೆ ಮಾಡಿದರೆ ನಾಳೆ ನಾಡಿಗೆ ಒಬ್ಬ ಉಪಾಧ್ಯಾಯನೋ, ಒಬ್ಬ ಅಧಿಕಾರಿಯೋ, ಲೆಕ್ಕಪತ್ರ ಓದಬಲ್ಲ ಒಬ್ಬ ರೈತನೋ ದೊರೆಯುತ್ತಾನೆ. ಆದುದರಿಂದ ಸಮಾಜವು ಅವನಿಗೆ ವೇತನ ಕೊಡುವುದು ನ್ಯಾಯವೇ ಆಗಿದೆ. ಆದರೆ ವೇತನಕ್ಕೆ ಇನ್ನೊಂದು ಲಕ್ಷಣವುಂಟು. ಅದು ಹೊತ್ತಿಗೆ ಸರಿಯಾಗಿ ಕೈಸೇರಬೇಕು. ತಿಂಗಳ ಕೊನೆಗೆ ಬರಬೇಕಾದ ಸಂಬಳ ವರ್ಷದ ಕೊನೆಗೆ ಬಂದರೆ ಯಾವ ನೌಕರನ ಸಂಸಾರವೂ ನಡೆಯಲಾರದು. ವಿದ್ಯಾರ್ಥಿಗೆ ಮಾತ್ರ ಹಾಗೆ ನಡೆದೀತೆಂದು ನಾವೆಲ್ಲ ಏಕೆ ನಂಬಿದ್ದೇವೆ? ಈ ಪ್ರಶ್ನೆಯನ್ನು ಸಹಪಾಠಿಗಳ ಮುಂದೆಯೂ ಅಧ್ಯಾಪಕರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಬಡ ವಿದ್ಯಾರ್ಥಿಯ ಓದಿಗೆ ನೆರವಾಗುವುದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನದ ಪದ್ಧತಿಯಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಹುಡುಗರು ಊಟಮಾಡಿ ಓದುತ್ತಿದ್ದರು. ಆ ಏಳರಲ್ಲಿ ಒಂದು ಮನೆ ತಪ್ಪಿದರೆ ಅಂದು ಉಪವಾಸ. ಮೇಲಾಗಿ ಆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಮುಂದೆ ಮಠಗಳೂ ಸಂಘಗಳೂ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದುವು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಇಂದಿಗೂ ಉಂಡು ಓದುತ್ತಿದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ನೆರವು ದೊರೆತುದರಿಂದಲೇ ಅವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಲು ಸಾಧ್ಯವಾಯಿತು. ಆ ಹಣ ಅಂದು ದೊರೆಯದಿದ್ದರೆ ಮೈಸೂರಿಗೆ ಎಂತಹ ನಷ್ಟವಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ವೇತನವನ್ನು ಪಡೆಯುವುದೊಂದು ಮಾತು, ಉಳಿಸಿಕೊಳ್ಳುವುದು ಇನ್ನೊಂದು ಮಾತು. ಇದಕ್ಕೆ ಡಾ. ಅಂಬೇಡ್ಕರರ ವಿದ್ಯಾರ್ಥಿ ಜೀವನಕ್ಕಿಂತ ಬೇರೆ ನಿದರ್ಶನ ಬೇಡ. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ ಅವರು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದರು. ಅದು ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷದ ಅವಧಿ. 1916ರಲ್ಲಿ ಲಂಡನ್ನಿಗೆ ಬಂದು ಅಲ್ಲಿ ಓದಿಗೆ ತೊಡಗಿದರು. ವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿ ಹಿಂದಿರುಗಬೇಕಾಯಿತು. ಮತ್ತೆ ಲಂಡನ್ನಿಗೆ ಹೋಗಲು ಅವರಿಗೆ ಮೂರು ವರ್ಷ ಹಿಡಿಯಿತು. ದುಡಿದು ಉಳಿಸಿದ ಹಣ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಸ್ನೇಹಿತರೊಬ್ಬರಿಂದ ತಂದ ಸಾಲ ಇವೆಲ್ಲ ಸೇರಿ 1920ರಲ್ಲಿ ಆ ದಾರಿ ತೆರೆಯಿತು. ಅಂತಹ ಮೇಧಾವಿಯನ್ನೇ ಹಣದ ಅಭಾವ ನಡುದಾರಿಯಲ್ಲಿ ನಿಲ್ಲಿಸಿತೆಂದ ಮೇಲೆ ನಮ್ಮಂತಹವರ ಪಾಡೇನು? ಈ ನೋವನ್ನು ಉಂಡವರಾದುದರಿಂದಲೇ ಇರಬೇಕು, 1942ರಲ್ಲಿ ವೈಸರಾಯರಿಗೆ ಸಲ್ಲಿಸಿದ ಮನವಿಯಲ್ಲಿ ಅವರು ಪರಿಶಿಷ್ಟ ಜಾತಿಯವರ ಉನ್ನತ ಶಿಕ್ಷಣಕ್ಕೆ ಧನಸಹಾಯ ಕೇಳಿದರು. 1944ರಲ್ಲಿ ಭಾರತ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಇಂದು ನಮ್ಮ ಕಾಲೇಜುಗಳಲ್ಲಿ ಎಷ್ಟೋ ಹುಡುಗ ಹುಡುಗಿಯರು ಓದುತ್ತಿರುವುದು ಆ ಯೋಜನೆಯ ಆಸರೆಯಲ್ಲಿ.

ಈಗ ಯೋಜನೆಗಳಿಗೆ ಕೊರತೆಯೆಂದು ಯಾರೂ ಹೇಳಲಾರರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವರ್ಗ ಇವರಿಗೆ ಬೇರೆ ಬೇರೆ ಇಲಾಖೆಗಳ ಮೂಲಕ ವೇತನಗಳಿವೆ. ಹಾಸ್ಟೆಲಿನಲ್ಲಿ ಸ್ಥಳ ಸಿಕ್ಕದ ಹಿಂದುಳಿದ ವರ್ಗದವರಿಗೆ ಊಟ ವಸತಿಗೆಂದು 2013-14ರಲ್ಲಿ ವಿದ್ಯಾಸಿರಿ ಯೋಜನೆ ಬಂದಿತು; ಮೊದಲಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಅದನ್ನು ಗೊತ್ತುಮಾಡಿದ್ದರು. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳು ಬಿ.ಎ. ಓದುತ್ತಿದ್ದರೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿಯೆಂದು ನಿಗದಿಯಾಯಿತು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯ ಸಹಾಯಧನ ಬೇರೆ ಇದೆ. ಕೇಂದ್ರ ಸರ್ಕಾರವು ದ್ವಿತೀಯ ಪಿ.ಯು.ಸಿ.ಯಲ್ಲಿ ಮೇಲಿನ ಸಾಲಿನಲ್ಲಿ ತೇರ್ಗಡೆಯಾದವರಿಗೆ, ಅಂದರೆ ತಮ್ಮ ಪರೀಕ್ಷಾ ಮಂಡಳಿಯ ನೂರಕ್ಕೆ ಎಂಬತ್ತು ಮಂದಿಗಿಂತ ಹೆಚ್ಚು ಅಂಕ ಪಡೆದವರಿಗೆ, ದೇಶದಲ್ಲಿ ವರ್ಷಕ್ಕೆ 82,000 ಹೊಸ ವೇತನಗಳನ್ನು ಇಟ್ಟಿದೆ. ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷ ಮೀರಿರಬಾರದು. ಪದವಿ ತರಗತಿಗೆ ವರ್ಷಕ್ಕೆ 12,000 ರೂಪಾಯಿ. ಇವುಗಳಲ್ಲಿ ಅರ್ಧ ಹುಡುಗಿಯರಿಗೆ ಮೀಸಲು. ಇಷ್ಟೆಲ್ಲ ಇದ್ದೂ ನಮ್ಮ ತರಗತಿಗಳಲ್ಲಿ ಅರ್ಹರಾದವರೇ ವೇತನವಿಲ್ಲದೆ ಕೂತಿರುವುದೇಕೆ?

ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಹಿಂದೆ ಮನುಷ್ಯರನ್ನು ಕುರಿತದ್ದಾಗಿತ್ತು. ಈಗ ಪೂಜಾರಿಯ ಸ್ಥಾನದಲ್ಲಿ ಯಂತ್ರವೊಂದು ಕೂತಿದೆ. ರಾಜ್ಯದ ವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಕೇಂದ್ರದ ವೇತನಕ್ಕೆ 2015ರಲ್ಲಿ ಆರಂಭವಾದ ರಾಷ್ಟ್ರೀಯ ಪೋರ್ಟಲ್. ಯಂತ್ರಕ್ಕೆ ಪಕ್ಷಪಾತವಿಲ್ಲ, ಲಂಚದ ಆಸೆಯಿಲ್ಲ. ಇದು ದೊಡ್ಡ ಲಾಭ, ಒಪ್ಪತಕ್ಕ ಮಾತು. ಆದರೆ ಅದಕ್ಕೆ ವಿವೇಚನೆಯೂ ಇಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ‘ಎಂ.’ ಎಂದು ಮೊದಲಕ್ಷರ ಮಾತ್ರವಿದ್ದು ಆಧಾರ್ ಚೀಟಿಯಲ್ಲಿ ‘ಮಲ್ಲಪ್ಪ’ ಎಂದು ಪೂರ್ತಿ ಹೆಸರಿದ್ದರೆ, ಇಬ್ಬರೂ ಒಬ್ಬನೇ ಎಂಬುದು ಊರಿನ ಹಸುಗೂಸಿಗೂ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯದು. ಜಾತಿ ಮತ್ತು ಆದಾಯದ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ತರಬೇಕು, ಅದರ ಆರ್.ಡಿ. ಸಂಖ್ಯೆಯನ್ನು ತಪ್ಪಿಲ್ಲದೆ ತುಂಬಬೇಕು. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಒ.ಟಿ.ಪಿ. ಬರುವುದಿಲ್ಲ, ಒ.ಟಿ.ಪಿ. ಬಾರದೆ ಬಾಗಿಲು ತೆರೆಯುವುದಿಲ್ಲ. ಇನ್ನು ಹಣ ಮಂಜೂರಾದರೂ ಅದು ಹೋಗುವುದು ನಾವು ಅರ್ಜಿಯೊಡನೆ ಕೊಟ್ಟ ಪಾಸ್‌ಬುಕ್ಕಿನ ಖಾತೆಗಲ್ಲ. ಆಧಾರಿಗೆ ಕಡೆಯ ಬಾರಿ ಜೋಡಣೆಯಾದ ಬ್ಯಾಂಕಿನ ಖಾತೆಗೆ. ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳುವಾಗ ತೆರೆದ ಖಾತೆಯೊಂದು ಹಾಗೆ ಜೋಡಣೆಯಾಗಿದ್ದರೆ ವೇತನ ಅಲ್ಲಿಗೆ ಹೋಗಿ ಕೂರುತ್ತದೆ. ಹುಡುಗನು ಹಣ ಬರಲಿಲ್ಲವೆಂದು ಕಚೇರಿಯ ಕಿಟಕಿಯಲ್ಲಿ ನಿಂತಿರುತ್ತಾನೆ. ಗುಮಾಸ್ತರು ಬಂದಿದೆ ನೋಡಪ್ಪ ಎನ್ನುತ್ತಾರೆ. ಇಬ್ಬರ ಮಾತೂ ನಿಜ!

ಅರ್ಜಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ರಾಷ್ಟ್ರೀಯ ಪೋರ್ಟಲಿನ ಅರ್ಜಿಯನ್ನು ಮೊದಲು ಕಾಲೇಜಿನವರು ಪರಿಶೀಲಿಸಿ ಮುಂದೆ ಕಳುಹಿಸಬೇಕು. ಅದಕ್ಕೂ ಒಂದು ಕಡೆಯ ದಿನವಿರುತ್ತದೆ. ದೋಷವಿದ್ದರೆ ಅರ್ಜಿ ಮರಳಿ ವಿದ್ಯಾರ್ಥಿಯ ಬಳಿಗೆ ಬರುತ್ತದೆ, ಆದರೆ ಅಂಚೆಯವನಂತೆ ಬಾಗಿಲು ತಟ್ಟುವುದಿಲ್ಲ. ನಾವೇ ಹೋಗಿ ತೆರೆದು ನೋಡಬೇಕು. ತಿದ್ದದೆ ಬಿಟ್ಟ ಅರ್ಜಿ ಅಲ್ಲಿಯೇ ಸಾಯುತ್ತದೆ. ಇದರ ಮೇಲೆ, ಪರಿಶಿಷ್ಟ ಜಾತಿಯವರ ವೇತನದಲ್ಲಿ 2021ರಿಂದ ರಾಜ್ಯವು ತನ್ನ ಪಾಲಾದ ನೂರಕ್ಕೆ 40ನ್ನು ಕೊಟ್ಟ ಮೇಲೆ ಕೇಂದ್ರವು 60ನ್ನು ನೇರವಾಗಿ ಖಾತೆಗೆ ಹಾಕುವ ಕ್ರಮ ಬಂದಿದೆ. ಇದನ್ನು ತಿಳಿಯದವರು ಮೊದಲ ಕಂತು ಬಂದಾಗ ಇಷ್ಟೇ ವೇತನವೆಂದು ನಿರಾಶರಾಗುತ್ತಾರೆ.

ಈವರೆಗೆ ಹೇಳಿದ್ದು ಪಡೆಯುವ ಕಷ್ಟ. ಉಳಿಸಿಕೊಳ್ಳುವ ಕಷ್ಟ ಇದಕ್ಕಿಂತ ಸೂಕ್ಷ್ಮವಾದುದು. ಹೆಚ್ಚಿನ ಯೋಜನೆಗಳಲ್ಲಿ ವೇತನವನ್ನು ವರ್ಷವರ್ಷವೂ ನವೀಕರಿಸಬೇಕು. ಮೇಲೆ ಹೇಳಿದ ಕೇಂದ್ರದ ವೇತನಕ್ಕೆ ನೂರಕ್ಕೆ 50 ಅಂಕ, ನೂರಕ್ಕೆ 75 ಹಾಜರಿ ಇರಲೇಬೇಕು. ನಿಯಮ ಅನ್ಯಾಯದ್ದೇನೂ ಅಲ್ಲ. ಓದದವನಿಗೆ ಓದಿನ ವೇತನ ಏಕೆ? ಆದರೆ ಒಂದು ಲೆಕ್ಕ ಹಾಕಿ ನೋಡೋಣ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 60 ತರಗತಿಗಳೆಂದಿಟ್ಟುಕೊಳ್ಳಿ. 45ಕ್ಕೆ ಹಾಜರಿರಬೇಕು, 15 ತಪ್ಪಬಹುದು. ಹಳ್ಳಿಯಿಂದ ಬರುವ ಒಬ್ಬ ಹುಡುಗ. ಅವನಿಗೆ ಬಸ್ ಪಾಸಿನ ಹಣ, ಪುಸ್ತಕದ ಹಣ, ಪರೀಕ್ಷಾ ಶುಲ್ಕ, ಮಧ್ಯಾಹ್ನದ ಒಂದು ಊಟ ಇವೆಲ್ಲ ಬೇಕಾಗುವುದು ವರ್ಷದ ಆರಂಭದಲ್ಲಿ. ವೇತನ ಬರುವುದು ಎಷ್ಟೋ ಸಲ ವರ್ಷ ಮುಗಿಯುತ್ತ ಬಂದಾಗ. ನಡುವಿನ ತಿಂಗಳುಗಳನ್ನು ಅವನು ದಾಟುವ ಬಗೆ ಹೇಗೆ? ಮದುವೆಮನೆಯಲ್ಲಿ ಬಡಿಸಲು ಹೋಗುತ್ತಾನೆ, ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತಾನೆ, ಅಡಿಕೆ ಸುಲಿಯುವ ಕಾಲದಲ್ಲಿ ಕೂಲಿಗೆ ಹೋಗುತ್ತಾನೆ. ಕಾಲೇಜು ನಡೆಯುವ ವಾರದ ಆರು ದಿನಗಳಲ್ಲಿ ಒಂದು ದಿನ ಹೀಗೆ ಹೋದರೆ 60ರಲ್ಲಿ ಸುಮಾರು 10 ತರಗತಿ ತಪ್ಪುತ್ತವೆ. ಹಾಜರಿ ನೂರಕ್ಕೆ 83 ಆಗಿ ವೇತನ ಉಳಿಯುತ್ತದೆ. ಎರಡು ದಿನ ಹೋದರೆ 20 ತಪ್ಪುತ್ತವೆ. ಹಾಜರಿ 66ಕ್ಕೆ ಇಳಿಯುತ್ತದೆ. ಮರುವರ್ಷದ ವೇತನ ಹೋಯಿತು. ವೇತನ ಹೋದಮೇಲೆ ಮೂರು ದಿನ ಕೆಲಸಕ್ಕೆ ಹೋಗಬೇಕಾಗುತ್ತದೆ. ಆ ಮೇಲೆ ಕಾಲೇಜೇ ಹೋಯಿತು.

ಇಲ್ಲಿರುವ ವಿಪರ್ಯಾಸವನ್ನು ಗಮನಿಸಬೇಕು. ವೇತನದ ವಿಳಂಬವೇ ಅವನನ್ನು ಕೂಲಿಗೆ ಕಳುಹಿಸಿತು. ಕೂಲಿಗೆ ಹೋದನೆಂಬುದೇ ಅವನ ವೇತನವನ್ನು ಕಿತ್ತುಕೊಂಡಿತು. ಅಂದರೆ ಕೊಡಬೇಕಾದವರು ತಡಮಾಡಿದ್ದಕ್ಕೆ ಪಡೆಯಬೇಕಾದವನು ದಂಡ ತೆತ್ತನು. ಅವನು ಸೋಮಾರಿಯಾಗಿ ತಪ್ಪಿಸಿದನೋ ಹೊಟ್ಟೆಗಾಗಿ ತಪ್ಪಿಸಿದನೋ ಎಂಬುದನ್ನು ಹಾಜರಿ ಪುಸ್ತಕ ಬರೆದಿಡುವುದಿಲ್ಲ. ಹುಡುಗಿಯರ ಪಾಡು ಸ್ವಲ್ಪ ಬೇರೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿದೆ. ಆದರೆ ಮನೆಯವರ ಸಹನೆಗೆ ಮಿತಿಯುಂಟು. ‘ಬರುತ್ತದೆ ಬರುತ್ತದೆ’ ಎಂದ ವೇತನ ಬಾರದೆಹೋದರೆ, ‘ಓದಿದ್ದು ಸಾಕು’ ಎಂಬ ಮಾತು ಮನೆಯಲ್ಲಿ ಹುಟ್ಟುವುದು ಮೊದಲು ಹುಡುಗಿಯ ವಿಷಯದಲ್ಲಿಯೇ. ಆ ಮಾತಿನ ಹಿಂದೆಯೇ ಗಂಡು ನೋಡುವ ಮಾತು ಬರುತ್ತದೆ. ಇಂತಹ ಸಮಯದಲ್ಲಿ ಐದು ಸಾವಿರ ರೂಪಾಯಿಯ ವೇತನವು ಬರಿಯ ಹಣವಲ್ಲ; ಅಪ್ಪನ ಎದುರಿಗೆ ಅವಳು ಇಡಬಹುದಾದ ಒಂದು ವಾದ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ವೇತನದ ಹಣದಲ್ಲಿ ಕೆಲವರು ಮೊಬೈಲು ಕೊಳ್ಳುತ್ತಾರೆ, ಸಿನಿಮಾ ನೋಡುತ್ತಾರೆ ಎಂಬುದು ಮೊದಲನೆಯದು. ಕೊಳ್ಳುವವರುಂಟು, ಇಲ್ಲವೆನ್ನಲಾರೆ. ಆದರೆ ಓದಿನ ಖರ್ಚಿಗೆ ಬಾರದೆ, ಪರೀಕ್ಷೆ ಮುಗಿದ ಮೇಲೆ ಒಟ್ಟಿಗೆ ಬಂದ ಹಣ ಬೇರೆಡೆಗೆ ಹೋಗುವುದು ಆಶ್ಚರ್ಯವೆ? ಹಸಿದಾಗ ಬಡಿಸದೆ, ಹಸಿವು ಇಂಗಿದ ಮೇಲೆ ಬಡಿಸಿ, ಎಲೆಯಲ್ಲಿ ಬಿಟ್ಟನೆಂದು ದೂರಿದಂತಾಯಿತು. ಮೇಲಾಗಿ ಅರ್ಜಿಯನ್ನೇ ಮೊಬೈಲಿನಲ್ಲಿ ಹಾಕಬೇಕಾದ ಕಾಲದಲ್ಲಿ ಮೊಬೈಲನ್ನು ವಿಲಾಸವೆಂದು ಹೇಗೆ ಕರೆಯೋಣ? ಎರಡನೆಯದು, ಅರ್ಜಿ ತುಂಬುವುದು ವಿದ್ಯಾರ್ಥಿಯ ಹೊಣೆ, ಪದವಿ ಓದುವವನಿಗೆ ಅಷ್ಟೂ ಬಾರದೆ ಎಂಬುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ನಮ್ಮಲ್ಲಿ ಬಹುಮಂದಿ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ಮೊದಲಿಗರು. ಕಚೇರಿಯ ಭಾಷೆ ಹೇಳಿಕೊಡುವ ಅಣ್ಣನಾಗಲಿ ಅಕ್ಕನಾಗಲಿ ಮನೆಯಲ್ಲಿಲ್ಲ. ತಿಳಿದವರ ಮಕ್ಕಳಿಗೆ ಮನೆಯಲ್ಲಿಯೇ ದೊರೆಯುವ ಈ ತಿಳಿವಳಿಕೆಯನ್ನು ಉಳಿದವರಿಗೆ ಕಾಲೇಜಲ್ಲದೆ ಯಾರು ಕೊಡಬೇಕು?

ಹಾಗಾದರೆ ಮಾಡತಕ್ಕದ್ದೇನು? ಮೊದಲು ನಮ್ಮ ಪಾಲಿನದನ್ನು ಹೇಳುತ್ತೇನೆ. ಪ್ರವೇಶ ಪಡೆದ ಮೊದಲ ವಾರಗಳಲ್ಲಿಯೇ ನಾಲ್ಕು ಕೆಲಸಗಳು ಆಗಬೇಕು. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕು ಮೂರರಲ್ಲಿಯೂ ಹೆಸರು ಒಂದೇ ಆಗಿದೆಯೆ ಎಂದು ನೋಡಬೇಕು. ಯಾವ ಬ್ಯಾಂಕಿಗೆ ಆಧಾರ್ ಜೋಡಣೆಯಾಗಿದೆಯೆಂದು ಬ್ಯಾಂಕಿನಲ್ಲಿಯೇ ಕೇಳಿ ತಿಳಿಯಬೇಕು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಕಡೆಯ ದಿನದವರೆಗೆ ಕಾಯದೆ ನಾಡಕಚೇರಿಗೆ ಹೋಗಬೇಕು. 2011ರ ಸಕಾಲ ಕಾಯ್ದೆಯಂತೆ ಇಂತಹ ಸೇವೆಗೆ ಕಾಲಮಿತಿಯುಂಟು, ಅರ್ಜಿಗೆ ಕೊಡುವ ಸಕಾಲ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ನಾಲ್ಕನೆಯದಾಗಿ, ಒಂದು ವೇತನ ಪಡೆಯುವವರಿಗೆ ಅನೇಕ ಯೋಜನೆಗಳಲ್ಲಿ ಇನ್ನೊಂದನ್ನು ಪಡೆಯಲು ಅವಕಾಶವಿಲ್ಲವಾದುದರಿಂದ, ನಿಯಮ ಓದಿ ತನಗೆ ಯಾವುದು ಹಿತವೆಂದು ನಿಶ್ಚಯಿಸಬೇಕು. ಅರ್ಜಿ ಹಾಕಿದ ಮೇಲೆ ವಾರಕ್ಕೊಮ್ಮೆ ಅದರ ಸ್ಥಿತಿಯನ್ನು ನೋಡುತ್ತಿರಬೇಕು. ಸೈಬರ್ ಅಂಗಡಿಯವನಿಗೆ ದುಡ್ಡು ಕೊಟ್ಟು ಗುಪ್ತಪದವನ್ನೂ ಅವನ ಬಳಿಯೇ ಬಿಟ್ಟುಬರುವವರು ಮನೆಯ ಬೀಗದ ಕೈಯನ್ನು ದಾರಿಹೋಕನಿಗೆ ಕೊಟ್ಟಂತೆ.

ಎರಡನೆಯದು ಕಾಲೇಜಿನ ಪಾಲು. ಇಲ್ಲಿ ಮೂರು ಸೂಚನೆಗಳನ್ನು ಗುರುಗಳ ಮುಂದೆ ವಿನಯದಿಂದ ಇಡುತ್ತೇನೆ. ಒಂದು, ಪ್ರತಿವರ್ಷ ಅರ್ಜಿಯ ಕಾಲದಲ್ಲಿ ಗ್ರಂಥಾಲಯದ ಮೂಲೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಸರದಿಯ ಮೇಲೆ ಇಬ್ಬರು ಹಿರಿಯ ವಿದ್ಯಾರ್ಥಿಗಳು. ಕಳೆದ ವರ್ಷ ಅರ್ಜಿ ಹಾಕಿದವರಿಗಿಂತ ಒಳ್ಳೆಯ ಉಪಾಧ್ಯಾಯರು ಈ ವಿಷಯಕ್ಕೆ ಸಿಕ್ಕಲಾರರು. ಎನ್.ಎಸ್.ಎಸ್. ಶಿಬಿರದಲ್ಲಿ ರಸ್ತೆ ಗುಡಿಸುವ ನಾವು ಈ ಸೇವೆಯನ್ನೂ ಮಾಡಬಲ್ಲೆವು. ಎರಡು, ಹಾಜರಿಯ ಕೊರತೆಯ ಪಟ್ಟಿಯನ್ನು ಪರೀಕ್ಷೆಯ ಹಿಂದಿನ ವಾರ ಹಾಕುವ ಬದಲು ಆರನೆಯ ವಾರದಲ್ಲಿಯೇ ಹಾಕಬೇಕು. ಸತ್ತಮೇಲೆ ವೈದ್ಯನನ್ನು ಕರೆಸಿ ಪ್ರಯೋಜನವೇನು? ಪಟ್ಟಿಯಲ್ಲಿದ್ದವನನ್ನು ಅಧ್ಯಾಪಕರು ಕರೆದು, ‘ಏನಪ್ಪಾ, ಕೆಲಸಕ್ಕೆ ಹೋಗುತ್ತಿದ್ದೀಯಾ?’ ಎಂದು ಒಂದು ಮಾತು ಕೇಳಿದರೆ ಎಷ್ಟೋ ಓದು ಉಳಿಯುತ್ತದೆ.

ಮೂರನೆಯ ಸೂಚನೆಯೇ ಮುಖ್ಯ. ಹಿಂದೆ ಎಷ್ಟೋ ಶಾಲೆ ಕಾಲೇಜುಗಳಲ್ಲಿ ಬಡ ವಿದ್ಯಾರ್ಥಿಗಳ ನಿಧಿಯೆಂದು ಒಂದಿರುತ್ತಿತ್ತು. ಅದನ್ನು ಹೊಸ ರೀತಿಯಲ್ಲಿ, ದಾನವಾಗಿಯಲ್ಲ, ಕೈಗಡವಾಗಿ ನಡೆಸಬೇಕು. ಯಾರ ಅರ್ಜಿಯನ್ನು ಕಾಲೇಜು ಪರಿಶೀಲಿಸಿ ಮುಂದೆ ಕಳುಹಿಸಿದೆಯೋ ಅವರಿಗೆ 3,000 ರೂಪಾಯಿ ಬಡ್ಡಿಯಿಲ್ಲದೆ ಕೊಡುವುದು. ವೇತನ ಬಂದೊಡನೆ ಅವರು ಹಿಂದಿರುಗಿಸುವುದು. ಇಪ್ಪತ್ತು ಜನರಿಗೆ ಕೊಡಲು 60,000 ರೂಪಾಯಿ ಸಾಕು. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಮನಸ್ಸುಮಾಡಿದರೆ ಇದು ದೊಡ್ಡ ಮೊತ್ತವಲ್ಲ. ಖರ್ಚಾಗಿ ಹೋಗುವ ಹಣವೂ ಅಲ್ಲ. ಈ ವರ್ಷ ಬಂದದ್ದು ಮರುವರ್ಷ ಇನ್ನಿಪ್ಪತ್ತು ಜನರಿಗೆ ಹೋಗುತ್ತದೆ. ಒಬ್ಬಿಬ್ಬರ ವೇತನ ಮಂಜೂರಾಗದೆ ಹಣ ಹಿಂದಿರುಗದಿರಬಹುದು. ಅಷ್ಟು ನಷ್ಟಕ್ಕೆ ಅಂಜಿದರೆ ಯಾವ ಒಳ್ಳೆಯ ಕೆಲಸವೂ ಆಗದು. ಮೇಲಿನ ಲೆಕ್ಕವನ್ನು ಮತ್ತೆ ನೆನೆಯಿರಿ. ಆ ಹುಡುಗನ ಇಡೀ ಖರ್ಚನ್ನು ಯಾರೂ ಹೊರಬೇಕಾಗಿಲ್ಲ. ವಾರದ ಎರಡನೆಯ ದಿನದ ಕೂಲಿ ತಪ್ಪಿದರೆ ಸಾಕು, 66 ಇದ್ದದ್ದು 83 ಆಗುತ್ತದೆ. ಪದವಿಗೂ ಪದವಿಯಿಲ್ಲದಿರುವುದಕ್ಕೂ ನಡುವೆ ಇರುವ ಅಂತರ ಎಷ್ಟೋ ವೇಳೆ ಇಷ್ಟೇ: ವಾರಕ್ಕೆ ಒಂದು ದಿನ.

ಇನ್ನು ಸರ್ಕಾರದ ಪಾಲು. ವರ್ಷದ ಮೊದಲ ಸೆಮಿಸ್ಟರು ಮುಗಿಯುವುದರೊಳಗೆ ವೇತನದ ಒಂದು ಕಂತಾದರೂ ಬರುವಂತಾಗಬೇಕು. ನವೀಕರಣದ ವಿದ್ಯಾರ್ಥಿಗಳ ವಿವರಗಳೆಲ್ಲ ಆಗಲೇ ಯಂತ್ರದಲ್ಲಿ ಇರುವುದರಿಂದ ಅವರಿಗೆ ಇನ್ನೂ ಬೇಗ ಬರಬಹುದು. ವೇತನವನ್ನು ಹೆಚ್ಚಿಸಬೇಕೆಂದು ಕೇಳುವವರು ಬಹಳ. ಹೆಚ್ಚಿಸಿದರೆ ಸಂತೋಷವೇ. ಆದರೆ ತಡವಾಗಿ ಬರುವ ಹದಿನೈದು ಸಾವಿರಕ್ಕಿಂತ ಹೊತ್ತಿಗೆ ಬರುವ ಹತ್ತು ಸಾವಿರ ಮೇಲೆಂಬುದು ನನ್ನ ಅಭಿಪ್ರಾಯ. ಪೈರು ಒಣಗಿದ ಮೇಲೆ ಬಿದ್ದ ಮಳೆ ಎಷ್ಟಿದ್ದರೇನು?

ಸರ್ಕಾರವನ್ನು ತಿದ್ದುವುದು ನಮ್ಮ ಒಂದು ಲೇಖನದಿಂದ ಆಗತಕ್ಕ ಕೆಲಸವಲ್ಲ. ಆದರೆ ಗ್ರಂಥಾಲಯದಲ್ಲಿ ಒಂದು ಮೇಜು ಹಾಕುವುದಕ್ಕೂ, ಆರನೆಯ ವಾರದಲ್ಲಿ ಒಂದು ಪಟ್ಟಿ ಹಚ್ಚುವುದಕ್ಕೂ, ಒಂದು ಕೈಗಡದ ನಿಧಿ ಕೂಡಿಸುವುದಕ್ಕೂ ಯಾರ ಆದೇಶವೂ ಬೇಕಿಲ್ಲ. ಮುಂದಿನ ಪ್ರವೇಶಕ್ಕೆ ಮುನ್ನ ವಿದ್ಯಾರ್ಥಿ ಸಂಘವೂ ಅಧ್ಯಾಪಕರೂ ಒಂದು ಸಂಜೆ ಕೂಡಿ ಕೂತು ಇದನ್ನು ನಿಶ್ಚಯಿಸಬಹುದು. ಓದುವ ಕೆಲಸವನ್ನು ನಾವು ಮಾಡೋಣ. ಅದರ ವೇತನ ಕೈಸೇರುವವರೆಗೆ ಒಬ್ಬರ ಕೈಯನ್ನು ಒಬ್ಬರು ಹಿಡಿದಿರೋಣ. ಸಹಪಾಠಿಗಳೂ ಗುರುಗಳೂ ಈ ಮಾತನ್ನು ಆಲೋಚಿಸಬೇಕೆಂದು ಕೋರುತ್ತೇನೆ.